ನೆಂಟರಿಲ್ಲದ ನೆಂಟರ ಮನೆ

ಬೋರ್ಡಿಲ್ಲದ ಅಂಗಡಿ ಕಂಡರೆ ಒಂದೋ ಬಾಗಿಲು ಹಾಕಿದ್ದಾರೆ, ಇಲ್ಲವೇ ತೆರಿಗೆಯವರ ಕಣ್ಣು ತಪ್ಪಿಸುತ್ತಿದ್ದಾರೆ ಅಂತ ತಿಳಿಯುವ ಕಾಲವೊಂದಿತ್ತು. ಈಗ ಬೋರ್ಡಿಲ್ಲದಿದ್ದರೆ ಬಾಡಿಗೆ ಜಾಸ್ತಿ ಅಂತ ತಿಳಿಯಬೇಕು. ಬೆಂಗಳೂರಿನ ಎಂ.ಜಿ. ರಸ್ತೆಯ ಆಸುಪಾಸು, ದೊಡ್ಡ ಮರಗಳಿರುವ ಯಾವುದಾದರೂ ಒಳರಸ್ತೆಗೆ ಹೋಗಿ. ಗೇಟಿನ ಪಕ್ಕ ಅಂಗೈಯಗಲದ ಹಿತ್ತಾಳೆ ತಗಡು, ಅದರ ಮೇಲೆ ಕನ್ನಡಕ ಒರೆಸಿಕೊಂಡು ಓದಬೇಕಾದ ಹೆಸರು ಕಂಡರೆ ಅದೇ ಬುಟೀಕ್ ಹೋಟೆಲ್. ಆಟೋದವರಿಗೆ ಸುಲಭಕ್ಕೆ ಸಿಗಬಾರದು ಎನ್ನುವುದು ಅದರ ಮೊದಲ ಲಕ್ಷಣ. ಆಟೋದಲ್ಲಿ ಬರುವವರು ಒಳಗೆ ಬರಬಾರದು ಎನ್ನುವುದು ಎರಡನೆಯದು. ನಾವು ಎರಡಕ್ಕೂ ಭಂಗ ತಂದವರು.

ಜಯನಗರದಲ್ಲಿ ಸ್ವಂತ ಮನೆ, ಮನೆಯಲ್ಲಿ ಮಂಚ, ಮಂಚದ ಮೇಲೆ ಹಾಸಿಗೆ ಎಲ್ಲ ಇದ್ದೂ ಅದೇ ಊರಲ್ಲಿ ಮಲಗಿ ಏಳಲು ದುಡ್ಡು ಕೊಡುವುದಕ್ಕೆ ಈಚಿನವರು ಸ್ಟೇಕೇಷನ್ ಅನ್ನುತ್ತಾರೆ. ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಮಗಳು ಕೊಟ್ಟ ಉಡುಗೊರೆ ಅದು. “ಈ ದುಡ್ಡಿಗೆ ಮಿಕ್ಸಿಯೂ ಬರ್ತಿತ್ತು, ಗ್ರೈಂಡರೂ ಬರ್ತಿತ್ತು” ಎಂದಳು ನನ್ನಾಕೆ. ಹಾಗೆ ಅನ್ನುತ್ತಲೇ ರೇಷ್ಮೆ ಸೀರೆ ಮಡಿಸಿ ಬ್ಯಾಗಿಗಿಟ್ಟಳು. ಪಕ್ಕದಲ್ಲೇ ಕೋಡುಬಳೆ ಡಬ್ಬಿ. ಅದರ ಪಕ್ಕ ಬಿಗಿಯಾಗಿ ಮುಚ್ಚಳ ತಿರುವಿದ ಸಣ್ಣ ಬಾಟಲಿನಲ್ಲಿ ಬೆಳಗಿನ ಕಾಫಿಗೆ ಡಿಕಾಕ್ಷನ್.

ಈ ಜಾತಿಯ ಹೋಟೆಲಿಗೆ ದಾರಿ ಹಾಕಿಕೊಟ್ಟವರ ಕಥೆಯೂ ಸ್ವಾರಸ್ಯವಾಗಿದೆ. ನ್ಯೂಯಾರ್ಕಿನಲ್ಲಿ ಸ್ಟುಡಿಯೋ 54 ಎಂಬ ಹೆಸರಾಂತ ನೈಟ್‌ಕ್ಲಬ್ ನಡೆಸಿದ ಸ್ಟೀವ್ ರುಬೆಲ್ ಮತ್ತು ಇಯಾನ್ ಶ್ರೇಗರ್ ಅದರ ಮುಖ್ಯ ಪಾತ್ರಧಾರಿಗಳು. ಜನರನ್ನು ಬಾಗಿಲಾಚೆ ನಿಲ್ಲಿಸಿದಷ್ಟೂ ಒಳಗಿನ ಜಾಗಕ್ಕೆ ಬೆಲೆ ಏರುತ್ತದೆ ಎಂಬ ಅರ್ಥಶಾಸ್ತ್ರ ಅವರು ಕಲಿತದ್ದು ಅಲ್ಲಿ. ಆಮೇಲೆ ತೆರಿಗೆ ವಂಚನೆಗಾಗಿ ಜೈಲಿಗೆ ಹೋಗಿಬಂದರು. ಸಣ್ಣ ಕೋಣೆಯಲ್ಲಿ ದಿನ ಕಳೆಯುವ ತರಬೇತಿ ಸರ್ಕಾರದ ಖರ್ಚಿನಲ್ಲೇ ಆಯಿತು ಅನ್ನಿ. 1984ರಲ್ಲಿ ಮ್ಯಾಡಿಸನ್ ಅವೆನ್ಯೂನಲ್ಲಿ ಮಾರ್ಗನ್ಸ್ ಎಂಬ ಹೋಟೆಲ್ ತೆರೆದರು. ರೂಮುಗಳು ಚಿಕ್ಕವು, ಬಾಗಿಲ ಮೇಲೆ ಹೆಸರಿಲ್ಲ. ಒಳಾಂಗಣ ಮಾಡಿದ ಫ್ರಾನ್ಸಿನ ಆಂದ್ರೇ ಪುತ್ಮಾನ್ ಕೈಯಲ್ಲಿ ಹೆಚ್ಚು ದುಡ್ಡಿರಲಿಲ್ಲ. ಬಚ್ಚಲಿಗೆ ಅಗ್ಗದ ಕಪ್ಪು-ಬಿಳಿ ಟೈಲ್ಸ್ ಹಾಕಿಸಿದರು. ಜಗತ್ತು ಅದನ್ನೇ ಶೈಲಿ ಅಂತ ಹಾಡಿ ಹೊಗಳಿತು.

ನಮ್ಮ ಬೆಂಗಳೂರೇನು ಕಮ್ಮಿಯಿಲ್ಲ. ಇವತ್ತು ಎಕರೆಗಟ್ಟಲೆ ಹರಡಿಕೊಂಡಿರುವ ವೆಸ್ಟ್ ಎಂಡ್ 1887ರಲ್ಲಿ ಶುರುವಾದದ್ದು ಬ್ರಾನ್ಸನ್ ಎಂಬಾಕೆಯ ಹತ್ತು ಕೋಣೆಗಳ ಬೋರ್ಡಿಂಗ್ ಹೌಸಾಗಿ. ಆಗ ಹತ್ತೇ ಕೋಣೆ ಅಂದರೆ ಬಡತನ. ಈಗ ಹತ್ತೇ ಕೋಣೆ ಅಂದರೆ ಬುಟೀಕ್.

ನಾವು ಇಳಿದ ಹೋಟೆಲಿನ ಒಳಗೆ ಕಾಲಿಟ್ಟರೆ ಕೌಂಟರೇ ಇಲ್ಲ. ಸೋಫಾದಲ್ಲಿ ಕೂರಿಸಿದರು. ಬೆಚ್ಚಗಿನ ಒದ್ದೆ ಟವೆಲ್ ಬಂತು, ಹಿಂದೆಯೇ ಪುಟ್ಟ ಲೋಟದಲ್ಲಿ ಪಾನಕ. “ಏಲಕ್ಕಿ ಸಾಲದು” ಎಂದು ನನ್ನಾಕೆಯ ತೀರ್ಪೂ ಬಂತು. ನಾವು ಬಾಯಿ ಬಿಡುವ ಮೊದಲೇ ನಮ್ಮ ಹೆಸರು, ಬಂದ ಕಾರಣ ಎಲ್ಲ ಅವರಿಗೆ ಗೊತ್ತು. ಆಗ ಹೊಳೆಯಿತು ನೋಡಿ. ಕೈಕಾಲಿಗೆ ನೀರು, ಕುಡಿಯಲು ಪಾನಕ, ಹೆಸರು ಹಿಡಿದು ಮಾತು, ಇದು ನೆಂಟರ ಮನೆಯ ಉಪಚಾರವೇ. “ಮಗಳಿಗೆ ಇನ್ನೂ ಗಂಡು ನೋಡಲಿಲ್ವಾ?”, “ರಿಟೈರ್ ಆದಾಗ ಎಷ್ಟು ಬಂತು?”, “ಯಾಕೆ, ಇಷ್ಟು ಇಳಿದುಹೋಗಿದ್ದೀರಿ, ಶುಗರ್ರಾ?” ಅನ್ನುವ ನೆಂಟರು ಮಾತ್ರ ಇಲ್ಲ. ಆ ಗೈರುಹಾಜರಿಗೇ ಅಷ್ಟು ಬಾಡಿಗೆ.

ರೂಮಿನಲ್ಲೂ ಇಲ್ಲಗಳ ಮೆರವಣಿಗೆ. ಫ್ಯಾನಿಲ್ಲ. ಹಾಸಿಗೆಯಲ್ಲಿ ಬಿಳಿ ಬಿಟ್ಟರೆ ಬೇರೆ ಬಣ್ಣವಿಲ್ಲ. 1999ರಲ್ಲಿ ಅಮೆರಿಕದ ವೆಸ್ಟಿನ್ ಹೋಟೆಲಿನವರು ಅಪ್ಪಟ ಬಿಳಿ ಹಾಸಿಗೆಯೊಂದನ್ನು ಸ್ವರ್ಗದ್ದೆಂದು ಹೆಸರಿಟ್ಟು ತಂದ ಮೇಲೆ ಬಿಳಿಯೇ ಶುಚಿತ್ವದ ಸಾಕ್ಷಿಯಾಗಿಬಿಟ್ಟಿದೆ. ಅದರ ಮೇಲೆ ಕೂತು ಕೋಡುಬಳೆ ಮುರಿಯುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಪೇಪರ್ ಹಾಸೋಣವೆಂದರೆ ಪೇಪರೂ ಇಲ್ಲ, ಅದು ಟ್ಯಾಬಿನಲ್ಲಿ ಬರುತ್ತದಂತೆ. ಮೂಲೆಯಲ್ಲಿ ಪುಟಾಣಿ ಫ್ರಿಜ್. 1974ರಲ್ಲಿ ಹಾಂಗ್‌ಕಾಂಗಿನ ಹಿಲ್ಟನ್ ಶುರುಮಾಡಿದ ಮಿನಿಬಾರ್ ಎಂಬ ಪ್ರಲೋಭನೆ ಇವತ್ತಿಗೂ ಅದೇ ಮೂಲೆ ಹಿಡಿದು ಕೂತಿದೆ. ನನ್ನಾಕೆ ಒಳಗಿನ ಗೋಡಂಬಿ ಪೊಟ್ಟಣದ ಬೆಲೆ ಓದಿದಳು. ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಡಿಕಾಕ್ಷನ್ ಬಾಟಲಿಗೆ ಜಾಗ ಮಾಡಿದಳು.

ದೊಡ್ಡ ಇಲ್ಲ ಇದ್ದದ್ದು ಬಚ್ಚಲಿನಲ್ಲಿ. ಹಾಸಿಗೆಗೂ ಬಚ್ಚಲಿಗೂ ನಡುವೆ ಗೋಡೆಯೇ ಇಲ್ಲ, ಬರೀ ಗಾಜು. “ಇಷ್ಟು ದುಡ್ಡು ತಗೊಂಡು ಒಂದು ಗೋಡೆ ಕಟ್ಟಿಸೋಕಾಗಲಿಲ್ವೇನ್ರೀ ಇವರಿಗೆ?” ಪರದೆ ಇಳಿಸುವ ಸ್ವಿಚ್ಚು ಹುಡುಕಿ ಒತ್ತಿದರೆ ದೀಪ ಆರಿತು, ಇನ್ನೊಂದು ಒತ್ತಿದರೆ ಟಿ.ವಿ. ಮಾತಾಡಿತು. ಕೊನೆಗೆ ಫೋನ್ ಮಾಡಿದ್ದಕ್ಕೆ ಒಬ್ಬ ಹುಡುಗ ಬಂದ. ಬಾಯಿ ತುಂಬ ಇಂಗ್ಲಿಷು. ಇವಳು “ಯಾವೂರಪ್ಪ ನಿಂದು?” ಅಂದದ್ದೇ ತಡ, “ಚನ್ನರಾಯಪಟ್ಟಣದ ಹತ್ರ ಅಮ್ಮಾ” ಎಂದು ನೆಲಕ್ಕಿಳಿದ.

“ಬಕೆಟ್ಟು, ಮಗ್ಗು ಇಲ್ವೇನಪ್ಪ?”

ಅವನು ದನಿ ತಗ್ಗಿಸಿದ. “ಇದೆ ಅಮ್ಮಾ. ಒಳಗೆ ಎತ್ತಿಟ್ಟಿರ್ತೀವಿ, ಕೇಳಿದವರಿಗೆ ಕೊಡ್ತೀವಿ.”

“ಎಷ್ಟು ಜನ ಕೇಳ್ತಾರೆ?”

“ಎಲ್ರೂ ಕೇಳ್ತಾರೆ.”

ಐದು ನಿಮಿಷದಲ್ಲಿ ಕೆಂಪು ಪ್ಲಾಸ್ಟಿಕ್ ಬಕೆಟ್ಟು ಬಿಳಿ ಟವೆಲ್ ಹೊದ್ದುಕೊಂಡು, ಯಾರ ಕಣ್ಣಿಗೂ ಬೀಳದಂತೆ ಕಾರಿಡಾರ್ ದಾಟಿ ಬಂತು. ಇರುವುದನ್ನು ಎತ್ತಿಟ್ಟು ಕೇಳಿದಾಗ ಕೊಟ್ಟರೆ ಅದು ವಿಶೇಷ ಸೇವೆಯಾಗುತ್ತದೆ ಅಂತ ಅವತ್ತು ತಿಳಿಯಿತು.

ಟವೆಲಿನ ಪಕ್ಕ ಒಂದು ಚೀಟಿ: ಭೂಮಿ ಉಳಿಸಿ, ಟವೆಲ್ ಮತ್ತೆ ಬಳಸಿ. ಇದರ ಮೇಲೂ ಅಮೆರಿಕದಲ್ಲಿ ಸಂಶೋಧನೆ ಆಗಿದೆ, 2008ರಲ್ಲಿ ಪ್ರಕಟವಾಯಿತು. ಪರಿಸರ ಉಳಿಸಿ ಎಂಬ ಚೀಟಿಗಿಂತ ಹೆಚ್ಚಿನ ಅತಿಥಿಗಳು ಮತ್ತೆ ಬಳಸುತ್ತಾರೆ ಎಂಬ ಚೀಟಿ ಚೆನ್ನಾಗಿ ಕೆಲಸ ಮಾಡಿತಂತೆ. ಇದೇ ರೂಮಿನಲ್ಲಿ ಇಳಿದಿದ್ದವರು ಹಾಗೆ ಮಾಡಿದರು ಅಂತ ಬರೆದದ್ದಕ್ಕೆ ಇನ್ನೂ ಹೆಚ್ಚು ಜನ ಬಗ್ಗಿದರು. ಪಕ್ಕದ ಮನೆಯವರು ಏನು ಕೊಂಡರು, ಏನು ಬಿಟ್ಟರು ಅಂತ ನೋಡಿಕೊಂಡೇ ಸಂಸಾರ ಮಾಡಿದ ನಮ್ಮ ಬಡಾವಣೆಗೆ ಬಂದಿದ್ದರೆ ಸಂಶೋಧಕರಿಗೆ ಖರ್ಚು ಉಳಿಯುತ್ತಿತ್ತು.

ಬೆಳಿಗ್ಗೆ ಬಿಸಿ ಹಾಲು ಮಾತ್ರ ತರಿಸಿದೆವು. ಹಾಲಿಗೆ ಟ್ರೇ, ಟ್ರೇಗೆ ಬಟ್ಟೆ, ಬಟ್ಟೆಯ ಮೇಲೆ ಒಂದು ಹೂವು. ಡಿಕಾಕ್ಷನ್ ಬೆರೆಸಿ ಕಿಟಕಿ ಪಕ್ಕ ಕೂತು ಕುಡಿದ ಆ ಕಾಫಿಗೆ ಮಾತ್ರ ನಾನು ಹೆಸರಿಡಲಾರೆ. ಹಾಲಿನ ಬಿಲ್ಲು ನೋಡಿದ ಮೇಲೂ ಇಡಲಾರೆ. ಬಿಲ್ಲಿನಲ್ಲಿ ಜಿಎಸ್‌ಟಿ ಶೇಕಡಾ 18. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇಕಡಾ 5, ಮೀರಿದರೆ 18. ಇಂಥ ದುಬಾರಿ ರೂಮುಗಳ ಹೋಟೆಲಿನೊಳಗೆ ತಿನ್ನುವ ಇಡ್ಲಿಗೂ 18ರ ಯೋಗವೇ. ಅದೇ ಇಡ್ಲಿ ಗೇಟು ದಾಟಿ ಆಚೆ ದರ್ಶಿನಿಯಲ್ಲಿ ನಿಂತು ತಿಂದರೆ 5ಕ್ಕೆ ಇಳಿಯುತ್ತದೆ. “ಕೂತು ತಿಂದದ್ದಕ್ಕೆ 13 ಪರ್ಸೆಂಟ್” ಎಂದು ನನ್ನಾಕೆ ಲೆಕ್ಕ ಚುಕ್ತಾ ಮಾಡಿದಳು.

ಹನ್ನೊಂದಕ್ಕೆ ಸರಿಯಾಗಿ ಫೋನು. ತುಂಬ ಮಧುರವಾದ ದನಿ. ನಿದ್ದೆ ಚೆನ್ನಾಗಿ ಬಂತೇ, ಸಾಮಾನು ಇಳಿಸಲು ಯಾರನ್ನಾದರೂ ಕಳಿಸಲೇ, ಇನ್ನೂ ಇರುವುದಾದರೆ ಅರ್ಧ ದಿನದ ಬಾಡಿಗೆ ಆಗುತ್ತದೆ. ನೆಂಟರ ಮನೆಯಲ್ಲಾದರೆ ಹೊರಡುತ್ತೇನೆಂದ ಮೇಲೂ “ಇವತ್ತೇ ಹೊರಡಬೇಕಾ? ಊಟ ಮುಗಿಸ್ಕೊಂಡು ಹೋದ್ರಾಯ್ತು” ಅಂತ ಚಪ್ಪಲಿ ಬಚ್ಚಿಡುವುದೊಂದೇ ಬಾಕಿ. ಇಲ್ಲಿ ಅದೂ ಇಲ್ಲ. ಇದೊಂದು ಇಲ್ಲ ಮಾತ್ರ ನನ್ನ ಮನಸ್ಸಿಗೆ ಅಷ್ಟಾಗಿ ಹಿಡಿಸಲಿಲ್ಲ ಅಂದೆ.

ನನ್ನಾಕೆಗೆ ಮಾತ್ರ ಇಡೀ ಹೋಟೆಲಿನಲ್ಲಿ ತುಂಬ ಮೆಚ್ಚಿಗೆಯಾದದ್ದು ಆ ಫೋನೇ.

“ಎಷ್ಟು ನಾಜೂಕಾಗಿ ಹೇಳಿಬಿಟ್ರು ನೋಡಿ. ಮುಂದಿನ ವಾರ ನಿಮ್ಮಕ್ಕ ಬರ್ತಾರಲ್ಲ, ಎರಡನೇ ದಿನ ಹನ್ನೊಂದಕ್ಕೆ ಫೋನ್ ಮಾಡೋರು ನೀವೋ, ನಾನೋ?”