ಹತ್ತಕ್ಕೆ ಏಳು, ಊರಿಗೆ ಊರೇ ಪಾಸು

ಅಮೆರಿಕದ ಮ್ಯಾಕ್ಲೀನ್ ಆಸ್ಪತ್ರೆಯ ಮೇರಿ ಝನಾರಿನಿ ಮತ್ತು ಅವರ ತಂಡ 2003ರಲ್ಲಿ ಹತ್ತು ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಹೌದು, ಇಲ್ಲ ಎಂದರೆ ಸಾಕು. ಏಳು ‘ಹೌದು’ ಬಂದರೆ ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷದ ಅನುಮಾನ ಉಂಟು, ವೈದ್ಯರು ಕೂತು ವಿಚಾರಿಸಬೇಕು. ಇದನ್ನು ಸಂಶೋಧಕರು ಕನ್ನಡಕ್ಕೆ ತಂದು, ಪುನಃ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡಿ, ಸೀದಾ ದಕ್ಷಿಣ ಕನ್ನಡದ ಪಂಜ ಪೇಟೆಯಲ್ಲಿ ಹಂಚಿದರೆ ಎಂತಾದೀತು ಮಾರಾಯ್ರೆ?

ಆಪ್ತರೊಡನೆ ಜಗಳವೇ? ತೋಟದ ಪಾಲು ಕೋರ್ಟಿನಲ್ಲುಂಟು: ಒಂದು. ಮನಸ್ಸು ಏರಿಳಿಯುತ್ತದೆಯೇ? ಕ್ಯಾಂಪ್ಕೊದ ಅಡಿಕೆ ಧಾರಣೆ ನೋಡಿ ಹೇಳಬೇಕು: ಎರಡು. ಜನರ ಮೇಲೆ ಅಪನಂಬಿಕೆಯೇ? ನೆರೆಯವರ ಬೇಲಿ ಪ್ರತಿ ಮಳೆಗಾಲಕ್ಕೆ ಒಂದು ಗೇಣು ಈಚೆ ಬರುತ್ತದೆ: ಮೂರು. ಕೈಬಿಟ್ಟಾರೆಂಬ ಭಯಕ್ಕೆ ಮತ್ತೆ ಮತ್ತೆ ಫೋನ್ ಮಾಡುತ್ತೀರಾ? ಮಗ ಬೆಂಗಳೂರಿನಲ್ಲಿದ್ದಾನೆ: ನಾಲ್ಕು. ಒಳಗೆಲ್ಲ ಖಾಲಿಯೇ? ಹಳದಿ ಎಲೆ ರೋಗ ಹೊಕ್ಕ ತೋಟದ ಯಜಮಾನನಿಗೆ ಕೇಳುವ ಪ್ರಶ್ನೆಯೇ ಇದು? ಐದು. ನೀವು ಯಾರೆಂಬುದರಲ್ಲೇ ಗೊಂದಲವೇ? ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ಅರ್ಜಿಯಲ್ಲಿ ಕನ್ನಡ: ಆರು. ಸಿಟ್ಟು, ಚುಚ್ಚುಮಾತು? ವ್ಯಂಗ್ಯ ಬರೆಯುವವನಿಗೆ ಅದು ಪುಕ್ಕಟೆ ಅಂಕ: ಏಳು.

ಊರಿಗೆ ಊರೇ ಪಾಸು. ಫೇಲಾದವಳು ಒಬ್ಬಳೇ, ತನ್ನನ್ನೇ ನೋಯಿಸಿಕೊಂಡ ಹುಡುಗಿ. ಅವಳ ಆಚೀಚೆ ಅಮ್ಮ, ದೊಡ್ಡಮ್ಮ, ಮಾವ ಕೂತಿದ್ದರು. ಹತ್ತೂ ಪ್ರಶ್ನೆಗೆ ಅವರೇ ಉತ್ತರ ಕೊಟ್ಟರು: “ಅವಳಿಗೆ ಎಂತದೂ ಇಲ್ಲ ಡಾಕ್ಟ್ರೇ, ಸ್ವಲ್ಪ ಹಠ ಅಷ್ಟೆ. ಮದುವೆ ಆದ್ರೆ ಸರಿಯಾಗ್ತದೆ.”

ಸರಿಯಾದ ದಾರಿ ಇಲ್ಲದೆ ಇಲ್ಲ. ವ್ಯಕ್ತಿತ್ವ ದೋಷಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿ ನಡೆಸಿದ, 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 11 ದೇಶಗಳ 14 ಕೇಂದ್ರಗಳಿದ್ದವು. ಅದರಲ್ಲಿ ಬೆಂಗಳೂರಿತ್ತು, ಕನ್ನಡವೂ ಇತ್ತು. 716 ರೋಗಿಗಳನ್ನು 58 ಮನೋವೈದ್ಯರು ಮತ್ತು ಮನಶ್ಶಾಸ್ತ್ರಜ್ಞರು ಎದುರು ಕೂತು ಮಾತಾಡಿಸಿದರು. ಅಲ್ಲಿ ಬರೀ ‘ಹೌದು’ ನಡೆಯುವುದಿಲ್ಲ, ಉದಾಹರಣೆ ಕೊಡಬೇಕು. ಆ ಸ್ವಭಾವ ಐದು ವರ್ಷವಾದರೂ ಬೇರೂರಿರಬೇಕು. ಧಾರಣೆ ಬಿದ್ದ ವಾರದ ಬೇಸರ ಅಲ್ಲಿಗೇ ಉದುರಿಹೋಗುತ್ತದೆ.

ಪಂಜದಲ್ಲೂ ಹಾಗೆಯೇ ಆಗಬೇಕು. ಏಳು ಬಂದವರನ್ನೂ ಬಾರದವರನ್ನೂ ವೈದ್ಯರು ಒಬ್ಬೊಬ್ಬರನ್ನಾಗಿ, ಮಾವನನ್ನು ಹೊರಗೆ ಕೂರಿಸಿ, ಅವರವರ ಮನೆಮಾತಿನಲ್ಲೇ ವಿಚಾರಿಸಬೇಕು. ಇಲ್ಲಿಗೆ ಏಳೇ ಸರಿಯೋ, ಐದೋ, ಒಂಬತ್ತೋ ಎಂದು ಆಮೇಲೆ ಹೇಳಬೇಕು. ಆದರೆ ಅದಕ್ಕೆ ವರ್ಷಗಳು ಬೇಕು, ಪ್ರಬಂಧ ಒಪ್ಪಿಸುವ ಗಡುವು ಮುಂದಿನ ತಿಂಗಳೇ ಉಂಟು. ಹಾಗಾಗಿ ಅನುವಾದ ಮುಗಿದದ್ದೇ ಪರೀಕ್ಷೆ ಮುಗಿದಂತೆ. ಸಂಶೋಧಕರಿಗೆ ಪದವಿ ಸಿಗುತ್ತದೆ, ಹುಡುಗಿಗೆ ಗಂಡ ಸಿಗುತ್ತಾನೆ. ಚಿಕಿತ್ಸೆ ಮಾತ್ರ ಯಾರ ಪಾಲಿಗೂ ಬರುವುದಿಲ್ಲ.