ಮಂಚದ ಕೆಳಗೆ ಮೈಸೂರು

ಬ್ಯಾಂಕಿನಿಂದ ನಿವೃತ್ತರಾದವರೊಬ್ಬರನ್ನು ಬೀದಿಗೆ ಬೀದಿಯೇ 'ಸ್ಟೇಷನ್ ಮಾಸ್ಟರು' ಎಂದು ಕರೆಯುತ್ತದೆ ಎಂದರೆ ಮನೆಯೊಳಗೆ ಒಂದು ಸ್ಟೇಷನ್ ಇರಲೇಬೇಕು. ಇದೆ. ಬೆಂಗಳೂರಿನ ಆ ಮನೆಯ ಹಿಂದಿನ ಕೋಣೆಯಲ್ಲಿ ಹಳೆಯ ಬಾಗಿಲೊಂದನ್ನು ಗಿಡ್ಡ ಕಾಲುಗಳ ಮೇಲೆ ಮಲಗಿಸಿದ್ದಾರೆ. ಅದರ ಮೇಲೆ ಮದ್ದೂರು. ಅಲ್ಲಿಂದ ಹೊರಟ ಹಳಿ ಗೋಡೆಯಲ್ಲಿ ಕೊರೆದ ತೂತಿನೊಳಗೆ ನುಗ್ಗಿ ಪಕ್ಕದ ಕೋಣೆಯ ಮಂಚದ ಕೆಳಗೆ ಕೊನೆಯಾಗುತ್ತದೆ. ಅದು ಮೈಸೂರು.

ಲೆಕ್ಕದ ಪ್ರಕಾರ ಹಾಗಾಗಬಾರದು. ಮಾಸ್ಟರ ಪ್ರಪಂಚದಲ್ಲಿ ಎಲ್ಲವೂ ನಿಜದ 87ನೇ ಒಂದು ಪಾಲು. ಬೆಂಗಳೂರು-ಮೈಸೂರು ರೈಲುಮಾರ್ಗ ಸುಮಾರು 138 ಕಿಲೋಮೀಟರ್. ಅದನ್ನು 87ರಿಂದ ಭಾಗಿಸಿದರೂ ಒಂದೂವರೆ ಕಿಲೋಮೀಟರ್ ಮೀರುತ್ತದೆ, ಅಂದರೆ ನಡುವೆ ಎರಡು ಪಾರ್ಕು, ಒಂದು ಫ್ಲೈಓವರ್, ಮಾಸ್ಟರ ಜೊತೆ ಮಾತು ಬಿಟ್ಟಿರುವ ತಮ್ಮನ ಮನೆ ಎಲ್ಲ ಬರುತ್ತವೆ. ಆದ್ದರಿಂದ ಮಂಚ.

ಈ ಜಾತಿಯವರು ಎಲ್ಲ ದೇಶಗಳಲ್ಲೂ ಇದ್ದಾರೆ. ವಾಲ್ಟ್ ಡಿಸ್ನಿ 1950ರಲ್ಲಿ ತನ್ನ ಮನೆಯ ಹಿತ್ತಲಲ್ಲಿ ಎಂಟನೇ ಒಂದು ಅಳತೆಯ ಉಗಿಬಂಡಿ ಓಡಿಸಿದ. ಹಳಿ ಹೆಂಡತಿಯ ಹೂವಿನ ಪಾತಿಗೆ ಅಡ್ಡ ಬಂದಾಗ ಪಾತಿಯ ಕೆಳಗೆ ಸುರಂಗ ತೋಡಿಸಿ, ಎಂಜಿನ್ನಿಗೆ ಅವಳದೇ ಹೆಸರಿಟ್ಟ. ಹಾಡುಗಾರ ರಾಡ್ ಸ್ಟೂವರ್ಟ್ ಎರಡು ದಶಕಕ್ಕೂ ಹೆಚ್ಚು ಕಾಲ ಕೂತು 1940ರ ದಶಕದ ಅಮೆರಿಕದ ನಗರವೊಂದನ್ನು ಮನೆಯೊಳಗೇ ಕಟ್ಟಿದ. ಹ್ಯಾಂಬರ್ಗಿನಲ್ಲಿ ಅವಳಿ ಸೋದರರು 2001ರಲ್ಲಿ ತೆರೆದ ಮಿನಿಯಟೂರ್ ವುಂಡರ್‌ಲ್ಯಾಂಡ್ ನೋಡಲು ಲೋಕವೇ ಟಿಕೆಟ್ ಕೊಂಡು ನಿಲ್ಲುತ್ತದೆ. ಡಿಸ್ನಿಯ ಕಥೆಯನ್ನು ಮಾಸ್ಟರು ತಮ್ಮ ಹೆಂಡತಿಗೆ ಆಗಾಗ ಹೇಳುವುದುಂಟು. "ಸರಿ, ನನಗೂ ಒಂದು ಹೂವಿನ ಪಾತಿ ಮಾಡಿಕೊಡಿ, ಆಮೇಲೆ ಸುರಂಗದ ಮಾತು" ಎಂದು ಆ ಕಡೆಯಿಂದ ಉತ್ತರ ಬರುತ್ತದೆ. ಒಮ್ಮೆ ಶಿರಡಿ ಯಾತ್ರೆಯೆಂದು ಸಂಸಾರವನ್ನು ಹೊರಡಿಸಿದ ಇವರು ದಾರಿಯಲ್ಲಿ ಪುಣೆಗಿಳಿದು, ಕೋಥ್ರೂಡಿನ ಜೋಶಿಯವರ ಪುಟಾಣಿ ರೈಲಿನ ಮ್ಯೂಸಿಯಮ್ಮಿನಲ್ಲಿ ಅರ್ಧ ದಿನ ಕೂರಿಸಿದ್ದನ್ನು ಆಕೆ ಇನ್ನೂ ಮರೆತಿಲ್ಲ.

ಮದ್ದೂರೇ ಏಕೆ ಎಂದು ಯಾರೂ ಕೇಳಬಾರದು. ಕೇಳಿದರೆ ಗೇಜಿನ ಉಪನ್ಯಾಸ ಶುರುವಾಗುತ್ತದೆ. ಇಂಡಿಯಾದ ಬ್ರಾಡ್‌ಗೇಜ್ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ 19.3 ಬರುತ್ತದೆ. ಆದರೆ ಈ ಅಳತೆಗೆಂದು ಅಂಗಡಿಯಲ್ಲಿ ಸಿಗುವ 'ಎಚ್‌ಒ' ಹಳಿಯ ಅಗಲ 16.5, ಏಕೆಂದರೆ ಅದು ಯೂರೋಪು, ಅಮೆರಿಕದ 1435ರ ಲೆಕ್ಕಕ್ಕೆ ಮಾಡಿದ್ದು. "ನಮ್ಮ ಶತಾಬ್ದಿ ಮಾಡೆಲ್ಲನ್ನ ಅದರ ಮೇಲೆ ಓಡಿಸೋದು ಅಂದ್ರೆ ಎರಡೂ ಮುಕ್ಕಾಲು ಮಿಲಿಮೀಟರ್ ಸುಳ್ಳು ಹೇಳಿದ ಹಾಗೆ ಸಾರ್!" ಎನ್ನುವಾಗ ಮಾಸ್ಟರ ದನಿ ನಡುಗುತ್ತದೆ. ಅದೇ ಮೀಟರ್‌ಗೇಜ್ ಆದರೆ? ಸಾವಿರವನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳೂ ಮೀಟರ್‌ಗೇಜಿನವಾದ್ದರಿಂದ ಆ ಮಾಡೆಲ್ಲುಗಳಿಗೆಂದು 12 ಮಿಲಿಮೀಟರ್ ಹಳಿ ತಯಾರಾಗುತ್ತದೆ. ಅರ್ಧ ಮಿಲಿಮೀಟರಿನ ಸುಳ್ಳನ್ನು ಮನಸ್ಸಾಕ್ಷಿ ತಡೆದುಕೊಳ್ಳುತ್ತದಂತೆ. ಮೈಸೂರು ಮಾರ್ಗ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಗುವವರೆಗೂ ಮೀಟರ್‌ಗೇಜೇ ಆಗಿತ್ತಲ್ಲ, ಹಾಗಾಗಿ ಮದ್ದೂರು ಸ್ವಿಸ್ ಹಳಿಯ ಮೇಲೆ ನಿಂತಿದೆ.

ಹಳಿ ಸಿಕ್ಕಿತು, ಎಂಜಿನ್ ಸಿಗಲಿಲ್ಲ. ಜಮ್ಷೆಡ್‌ಪುರದ ಟೆಲ್ಕೊದಲ್ಲಿ ತಯಾರಾಗುತ್ತಿದ್ದ ವೈಪಿ ಜಾತಿಯ ಉಗಿಬಂಡಿ ಇವರಿಗೆ ಬೇಕು: ಮುಂದೆ ನಾಲ್ಕು ಸಣ್ಣ ಗಾಲಿ, ನಡುವೆ ಆರು ದೊಡ್ಡವು, ಹಿಂದೆ ಎರಡು. ಮಾಸ್ಟರು ಹಿತ್ತಾಳೆ ತಗಡು ಕತ್ತರಿಸಿ, ಇಂಜೆಕ್ಷನ್ ಸೂಜಿಯ ತುಂಡುಗಳನ್ನು ಕೊಳವೆಗಳಾಗಿ ಬೆಸೆದು ತಾವೇ ಕಟ್ಟಿದರು. ಅಳತೆಯ ಸಂಶಯ ಬಂದಾಗಲೆಲ್ಲ ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿಗೆ ಹೋಗಿ ಟೇಪು ಹಿಡಿದು ಹಳೇ ಎಂಜಿನ್ನುಗಳ ಕೆಳಗೆ ತೂರುತ್ತಿದ್ದರು. ಪಳಪಳನೆ ಹೊಳೆಯುವ ಎಂಜಿನ್ ನಿಜವೆನಿಸುವುದಿಲ್ಲವೆಂದು ಅದಕ್ಕೆ ಬ್ರಷ್ಷಿನಲ್ಲಿ ಮಸಿ, ತುಕ್ಕು, ಎಣ್ಣೆಜಿಡ್ಡು ಬಳಿಯಲು ವಾರಗಟ್ಟಲೆ ಕೂತರು. ಮನೆಗೆಲಸದಾಕೆ "ಅಯ್ಯೋ, ಎಷ್ಟು ಕೊಳೆ" ಎಂದು ಅದನ್ನು ಒಂದೇ ಬೆಳಿಗ್ಗೆ ಸ್ಕ್ರಬ್ಬರಿನಲ್ಲಿ ಉಜ್ಜಿಟ್ಟಳು. ಆ ದಿನ ಅವರ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಇದು ಆಟಿಕೆಯಲ್ಲ ಎಂಬುದು ಮಾಸ್ಟರ ಮೊದಲ ಸಿದ್ಧಾಂತ. ಕಸ್ಟಮ್ಸ್ ಇಲಾಖೆಯದು ಬೇರೆ ಸಿದ್ಧಾಂತ. ಅದರ ಪಟ್ಟಿಯಲ್ಲಿ ಅಳತೆಯ ಮಾಡೆಲ್ಲುಗಳೂ ಗೊಂಬೆಗಳೂ ಒಂದೇ ಶೀರ್ಷಿಕೆಯಡಿ ಇವೆ. ಆ ಶೀರ್ಷಿಕೆಯ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಪಾರ್ಸಲ್ ಬಂದ ದಿನ ಮಾಸ್ಟರಿಗೆ ಹಣ ಹೋದದ್ದಕ್ಕಿಂತ 'ಆಟಿಕೆ' ಎಂಬ ಮೊಹರು ಹೆಚ್ಚು ಚುಚ್ಚುತ್ತದೆ. ಸುಂಕದ ಮೊತ್ತವನ್ನು ಮನೆಯಲ್ಲಿ ಎಷ್ಟನೇ ಒಂದು ಅಳತೆಯಲ್ಲಿ ಹೇಳುತ್ತಾರೋ ತಿಳಿಯದು.

ಇದೆಲ್ಲವನ್ನೂ ಸಹಿಸಬಹುದು. ಸಹಿಸಲಾಗದ್ದು "ಬನ್ನಿ, ಒಂದೇ ನಿಮಿಷ, ಟ್ರೈನು ಬಿಡ್ತೀನಿ" ಎಂಬ ಕರೆ. ಲಗ್ನಪತ್ರಿಕೆ ಕೊಟ್ಟು ಹೋಗೋಣವೆಂದು ಬಂದ ಅತಿಥಿಯೊಬ್ಬ ಒಮ್ಮೆ ಇದಕ್ಕೆ ಸಿಕ್ಕಿಬಿದ್ದ. (ಆ ಅತಿಥಿಯೇ ಈ ಲೇಖನ ಬರೆಯುತ್ತಿರುವುದು ಕೇವಲ ಆಕಸ್ಮಿಕ.) ನಿಂತು ನೋಡುವಂತಿಲ್ಲ. ಕಣ್ಣು ಪ್ಲಾಟ್‌ಫಾರಂ ಮಟ್ಟಕ್ಕೆ ಬರಬೇಕು, ಅಂದರೆ ನೆಲದ ಮೇಲೆ ಕೂತು ಕೆನ್ನೆಯನ್ನು ಆ ಹಳೆಯ ಬಾಗಿಲ ಅಂಚಿಗೆ ಆನಿಸಬೇಕು. ಕೈಸನ್ನೆಯಾಯಿತು. ರೈಲು ಎರಡು ಗೇಣು ಸರಿದು ನಿಂತಿತು. ಎಂಜಿನ್ನಿಗೆ 12 ವೋಲ್ಟು ಬರುವುದು ಹಳಿಯಿಂದಲೇ, ಗಾಲಿಯ ಮೂಲಕ. ನಡುವೆ ಒಂದು ಪದರ ಧೂಳು ಬಂದರೆ ಸಾಕು. ಮಾಸ್ಟರು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಹಳಿಯನ್ನು ಒರೆಸಿದರು. ಮತ್ತೆ ಒಂದು ಗೇಣು. ಈಗ ಗಾಲಿಗಳನ್ನು ಒರೆಸಿದರು. ಕಾಫಿ ಬಂತು, ಆರಿತು. ಕೊನೆಗೂ ರೈಲು ಹೊರಟಿತು, ಸೆಕೆಂಡಿಗೆ ಸರಿಯಾಗಿ 19 ಸೆಂಟಿಮೀಟರ್, ಏಕೆಂದರೆ ನಿಜದಲ್ಲಿ ಅದು ಗಂಟೆಗೆ 60 ಕಿಲೋಮೀಟರ್. ಗೋಡೆಯ ತೂತಿನೊಳಗೆ ಹೋಯಿತು. ಆಚೆ ಕಡೆಯಿಂದ ಸಣ್ಣದೊಂದು 'ಟಕ್' ಕೇಳಿಸಿತು.

"ಮೈಸೂರಲ್ಲಿ ಹಳಿ ತಪ್ಪಿದೆ" ಎಂದರು ಮಾಸ್ಟರು. "ನನಗೆ ಮಂಡಿನೋವು. ನೀವು ಸ್ವಲ್ಪ..."

ರೇಷ್ಮೆ ಶರ್ಟು ತೊಟ್ಟು ಬಂದಿದ್ದ ಅತಿಥಿ ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಮಂಚದ ಕೆಳಗೆ ತೆವಳಿದ. ಅಲ್ಲಿ ಹಿತ್ತಾಳೆ ಕೊಳಗ, ಗೌರಿಹಬ್ಬದ ಮೊರಗಳು, ಹಳೇ ಟ್ರಂಕು, ಇವುಗಳ ನಡುವೆ ಮೈಸೂರು ಪ್ಯಾಸೆಂಜರ್ ಮಗ್ಗುಲಾಗಿ ಬಿದ್ದಿತ್ತು. ಮೇಲಿನಿಂದ ನಿರ್ದೇಶನಗಳು ಬರುತ್ತಿದ್ದವು: "ಡೋಂಟ್ ಪ್ರೆಸ್! ಬಾಯ್ಲರ್ ಹಿಡೀಬೇಡಿ, ಟೆಂಡರ್ ಹಿಡೀರಿ!" ಆ ಗಳಿಗೆಯಲ್ಲಿ ಅವನಿಗೆ ಹೊಳೆದದ್ದು, ಈ ಸ್ಟೇಷನ್ನಿನ ಅಕ್ಕಿಕಾಳಿನಷ್ಟು ದೀಪಗಳೆಲ್ಲ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ಬಂದು ಸೊಗಸಾಗಿ ಉರಿಯುತ್ತಿವೆ, ಈ ಮನೆಯ ಬಚ್ಚಲ ಬಲ್ಬು ಮಾತ್ರ ಯುಗಾದಿಯಿಂದ ಕೆಟ್ಟಿದೆ. 87ನೇ ಒಂದು ಪಾಲಿನಲ್ಲಿ ಕೂದಲೆಳೆಯ ತಪ್ಪು ಮಾಡದ ಮನುಷ್ಯ ಪೂರ್ಣ ಅಳತೆಯ ಎಲ್ಲದರಲ್ಲೂ ಸುಮಾರಾಗಿ ನಡೆದುಕೊಳ್ಳುತ್ತಾರೆ. ಮದುವೆಗೂ ಬರಲಿಲ್ಲ.

ಆದರೂ ಪ್ಲಾಟ್‌ಫಾರಂನ ಮುಂದೆ ಕೂತ ಮೇಲೆ ಕೋಪ ಬಹಳ ಹೊತ್ತು ನಿಲ್ಲುವುದಿಲ್ಲ. ಅಲ್ಲಿನ ಕೆಮ್ಮಣ್ಣು ಕಾಫಿ-ಟೀ ಗಸಿಯನ್ನು ಒಣಗಿಸಿ ಬಣ್ಣ ಬೆರೆಸಿದ್ದು. ಜಲ್ಲಿ, ಜರಡಿ ಹಿಡಿದ ಮರಳು. ಅದು ಕದಲದಂತೆ ನೀರಾಗಿಸಿದ ಫೆವಿಕಾಲಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಬೆರೆಸಿ ಸಿರಿಂಜಿನಲ್ಲಿ ಹನಿಸಬೇಕು, ಸೋಪಿಲ್ಲದಿದ್ದರೆ ಅಂಟು ಒಳಗಿಳಿಯದೆ ಮೇಲೇ ಗುಂಡಗೆ ನಿಲ್ಲುತ್ತದೆ. ಪ್ರಯಾಣಿಕರು ಎರಡು ಸೆಂಟಿಮೀಟರಿಗಿಂತ ಗಿಡ್ಡ. ಇವರು ಜರ್ಮನಿಯಿಂದ ಕೋಟು, ಹ್ಯಾಟು ಸಮೇತ ಬಂದವರು. ಮಾಸ್ಟರು ಬ್ಲೇಡಿನಿಂದ ಅವರ ಹ್ಯಾಟು ತೆಗೆದು, ಕೋಟು ಹೆರೆದು, ಟಿಶ್ಯೂ ಕಾಗದವನ್ನು ಅಂಟಿನಲ್ಲಿ ಅದ್ದಿ ಪಂಚೆ ಉಡಿಸಿದ್ದಾರೆ, ಸೀರೆಗೆ ಸೆರಗು ಬಿಟ್ಟಿದ್ದಾರೆ. ನೀರಿನ ನಲ್ಲಿಯ ಪಕ್ಕ ಪಂಚೆ, ಕೊಡೆ, ಟಿಫನ್ ಕ್ಯಾರಿಯರಿನ ಒಬ್ಬರು ನಿಂತಿದ್ದಾರೆ. ಮಾಸ್ಟರ ತಂದೆ ಮಂಡ್ಯದಲ್ಲಿ ಮೇಷ್ಟ್ರಾಗಿದ್ದು, ದಿನವೂ ಮದ್ದೂರಿನಿಂದ ರೈಲಿನಲ್ಲಿ ಹೋಗಿಬರುತ್ತಿದ್ದವರು. "ಇವರು ಯಾರು ತಾತ?" ಎಂದು ಪಕ್ಕದ ಮನೆಯ ಹುಡುಗ ಕೇಳಿದರೆ "ಯಾರೋ ಪ್ಯಾಸೆಂಜರ್ ಕಣೋ, ಮುಟ್ಟಬೇಡ" ಎನ್ನುತ್ತಾರೆ.

ಈಗ ಕೆಲಸ ನಡೆದಿರುವುದು ವಡೆ ಮಾರುವವನ ಮೇಲೆ. ಅಂಗೈಯಗಲದ ಮದ್ದೂರು ವಡೆ 87ನೇ ಒಂದು ಪಾಲಿನಲ್ಲಿ ಒಂದು ಮಿಲಿಮೀಟರಿಗೆ ಇಳಿಯುತ್ತದೆ. ದಪ್ಪ ಕಾಗದದಿಂದ ತಟ್ಟೆಯ ತುಂಬ ಕೊರೆದು, ಬಣ್ಣ ಹಚ್ಚಿ, ಮಸೂರ ಹಿಡಿದು ನೋಡುತ್ತ ಕೂತಿದ್ದರು ಮಾಸ್ಟರು. ಆ ಕೋಣೆಗೆ ಪೊರಕೆ ಹಿಡಿದು ಮಾತ್ರ ಬರುತ್ತಿದ್ದ ಹೆಂಡತಿ ಬಗ್ಗಿ ನೋಡಿದರು. "ರೀ, ಮದ್ದೂರು ವಡೆ ಹಿಂಗೆ ಬಿಳಿಚಿಕೊಂಡಿರುತ್ತೇನ್ರೀ? ಇದು ಇನ್ನೂ ಬೆಂದೇ ಇಲ್ಲ" ಎಂದು ಪೊರಕೆ ಗೋಡೆಗೆ ಒರಗಿಸಿ, ಬ್ರಷ್ಷು ಕಿತ್ತುಕೊಂಡು, ಒಂದೊಂದಕ್ಕೂ ಕಂದು ಬಣ್ಣ ಮುಟ್ಟಿಸಿದರು. ಆಮೇಲೆ ಮಸೂರದಲ್ಲಿ ಇನ್ನೊಮ್ಮೆ ನೋಡಿ, "ಈರುಳ್ಳಿ ಎಲ್ಲಿ?" ಎಂದರು.