ಮೇಜರ್ ಫಾರಂ

ಬಸವನಗುಡಿಯಲ್ಲಿ ಎರಡನೇ ಮಹಾಯುದ್ಧ ಮುಗಿದಿಲ್ಲ. ಸರಿಯಾಗಿ ಹೇಳಬೇಕೆಂದರೆ, ಶುರುವೇ ಆಗಿಲ್ಲ. ಗಾಂಧಿಬಜಾರಿನ ಹಿಂದಿನ ಒಂದು ಅಡ್ಡರಸ್ತೆಯ ಮನೆಯಲ್ಲಿ ಪ್ರತಿ ಶನಿವಾರ ಸಾಯಂಕಾಲ ನಾಲ್ಕಕ್ಕೆ, ಊಟದ ಮೇಜಿನ ಪ್ಲಾಸ್ಟಿಕ್ ಹೊದಿಕೆ ಒರೆಸಿ, ಕಾಫಿ ಕುಡಿದು, ಇನ್ನೇನು ಶುರುವಾಗಬೇಕು ಎನ್ನುವ ಹಂತಕ್ಕೆ ಬರುತ್ತದೆ. ಏಳೂವರೆಗೆ ಸಾರಿಗೆ ಒಗ್ಗರಣೆ ಬೀಳುವಷ್ಟರಲ್ಲಿ ಮುಂದಿನ ವಾರಕ್ಕೆ ಹೋಗಿರುತ್ತದೆ.

ಮನೆಯ ಯಜಮಾನರನ್ನು ರಸ್ತೆಯವರೆಲ್ಲ ಮೇಜರ್ ಎಂದೇ ಕರೆಯುವುದು. ಸೈನ್ಯದ ಅನುಭವವೆಂದರೆ ಕಾಲೇಜಿನಲ್ಲಿ ಗಿಟ್ಟಿಸಿದ ಎನ್‌ಸಿಸಿ ಬಿ ಸರ್ಟಿಫಿಕೇಟು. ಉದ್ಯೋಗ ಸಾಫ್ಟ್‌ವೇರು, ವಯಸ್ಸು ಐವತ್ತರ ಆಸುಪಾಸು, ಹೊಟ್ಟೆ ಅದಕ್ಕಿಂತ ಸ್ವಲ್ಪ ಮುಂದೆ. ಇಂಥವರು ನಮ್ಮ ಹಳೇ ಬಡಾವಣೆಗಳಲ್ಲಿ ಅಪರೂಪವೇನಲ್ಲ. ಮಲ್ಲೇಶ್ವರದಲ್ಲಿ ಹಿರಿಯರೊಬ್ಬರಿದ್ದಾರೆ, ರೈಲ್ವೆ ಟೈಂಟೇಬಲ್ ಬಾಯಿಪಾಠ, ಊರು ಬಿಟ್ಟು ಕದಲುವುದಿಲ್ಲ. ಚಾಮರಾಜಪೇಟೆಯ ಒಬ್ಬ ಸಿಎ ತಮ್ಮ ಮನೆಯ ಪ್ಲಾನನ್ನು ಮಗ ಶಾಲೆಗೆ ಸೇರಿದಾಗ ತಿದ್ದಲು ಕೂತವರು; ಮಗನಿಗೆ ಈಗ ಮದುವೆ ಗೊತ್ತಾಗಿದೆ, ಅಡುಗೆಮನೆ ಆಗ್ನೇಯಕ್ಕೆ ಬರುವುದು ಇನ್ನೂ ಗೊತ್ತಾಗಿಲ್ಲ. ತಯಾರಿಯೇ ಇವರ ಕಸುಬು. ಮೇಜರ್ ತಯಾರಾಗುತ್ತಿರುವುದು ಯುದ್ಧಕ್ಕೆ, ಅಷ್ಟೇ ವ್ಯತ್ಯಾಸ. ಮೇಲೆ ಹೇಳಿದ ಇಬ್ಬರೂ, ಜೊತೆಗೆ ಪಕ್ಕದ ಮನೆಯ ಬ್ಯಾಂಕ್ ಆಫೀಸರೂ ಅವರ ಕಮಾಂಡೋ ಪಡೆ.

ಯುದ್ಧವೆಂದರೆ ಮೇಜಿನ ಸುತ್ತ ಕೂತು ಆಡುವ ಆಟ; ಆ ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದಲ್ಲಿಂದ ಈ ಹುಚ್ಚು ಶುರು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರದು ಒಂದೊಂದು ಪಾತ್ರ. ಎದುರಿಗೆ ಸೇತುವೆ ಇದೆ, ಏನು ಮಾಡುತ್ತೀರಿ ಎಂದರೆ ಬಾಯಲ್ಲಿ ಹೇಳಬೇಕು. ಅದು ಆಯಿತೋ ಇಲ್ಲವೋ ಎಂದು ದಾಳ ತೀರ್ಮಾನಿಸುತ್ತದೆ. ಹರಿಕಥೆಯ ಮಧ್ಯೆ ಸಭಿಕರೊಬ್ಬರು ಎದ್ದು ‘ಹನುಮಂತ ಹಾರೋದು ಬೇಡ, ದೋಣೀಲಿ ಹೋಗ್ಲಿ’ ಎಂದಾಗ ದಾಸರು ಅದನ್ನೂ ನಿಭಾಯಿಸಿಕೊಂಡು ಮುಂದುವರಿಯಬೇಕಾದರೆ ಹೇಗೋ ಹಾಗೆ. ಮೇಜರ್ ನಂಬಿದ ಶಾಸ್ತ್ರ ಸ್ಟೀವ್ ಜಾಕ್ಸನ್ 1986ರಲ್ಲಿ ತಂದ ‘ಗರ್ಪ್ಸ್’. ಇದರಲ್ಲಿ ಮೂರು ದಾಳ. ಸಾಮರ್ಥ್ಯದ ಅಂಕಕ್ಕಿಂತ ಕಡಿಮೆ ಬಿದ್ದಷ್ಟೂ ಒಳ್ಳೆಯದು. ಪಾತ್ರ ಕಟ್ಟುವುದಕ್ಕೇ ದಪ್ಪ ಪುಸ್ತಕವಿದೆ. ಮೇಜರ್ ಮನಸೋತದ್ದು ಆ ಪುಸ್ತಕಕ್ಕೆ. ಆಟ ಆಮೇಲಿನ ಮಾತು.

ಯುದ್ಧದ ಗೀಳು ಹತ್ತಿದ್ದು ಮಾತ್ರ ಇನ್ನೂ ಹಿಂದೆ, ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಯ ಕಾಲದಲ್ಲಿ. ಅಂಗೈಯಗಲದ ಕಮಾಂಡೋ ಕಾಮಿಕ್ಸ್, ಗಣಿತದ ಪುಸ್ತಕದೊಳಗೆ ಸರಿಯಾಗಿ ಕೂರುವ ಅಳತೆ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ ಹುಡುಕಿ ತಂದವು ಈಗಲೂ ದೇವರಮನೆಯ ಮೇಲಿನ ಅಟ್ಟದಲ್ಲಿವೆ. ಮನೆಗೆ ಹೊಸಬರು ಬಂದರೆ ಕಾಫಿಗೂ ಮುಂಚೆ ಟಿವಿಯಲ್ಲಿ ‘ಸೇವಿಂಗ್ ಪ್ರೈವೇಟ್ ರಯಾನ್’ ಹಾಕಿ, ಸಮುದ್ರದಂಡೆಯ ಕಾಳಗದಲ್ಲಿ ಸೈನಿಕರು ‘ಬೆಂಗಳೂರ್ಸ್’ ಎಂದು ಕೂಗುವ ಕಡೆ ನಿಲ್ಲಿಸುತ್ತಾರೆ. ‘ಕೇಳಿಸ್ತಾ? ನಮ್ಮೂರು!’ ವಿಷಯ ನಿಜವೇ. ಮುಳ್ಳುತಂತಿಯ ಬೇಲಿ ಸೀಳುವ ಸ್ಫೋಟಕದ ಕೊಳವೆ ಬೆಂಗಳೂರು ಟಾರ್ಪೆಡೊ; 1912ರಲ್ಲಿ ಇಲ್ಲಿನ ಮದ್ರಾಸ್ ಸ್ಯಾಪರ್ಸ್‌ನ ಕ್ಯಾಪ್ಟನ್ ಮೆಕ್ಲಿಂಟಾಕ್ ಮಾಡಿದ್ದು. ಐದೈದು ಅಡಿಯ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಬೇಲಿಯಡಿ ತಳ್ಳುವುದು. ಕಮಾಂಡೋ ಪಡೆ ಕಟ್ಟಿ ಎಂದು 1940ರಲ್ಲಿ ಅಪ್ಪಣೆ ಕೊಡಿಸಿದ ಚರ್ಚಿಲ್ ಕೂಡ ಈ ಊರಿನವನೇ ಎನ್ನುವುದು ಮೇಜರ್ ವಾದ. ಲೆಫ್ಟಿನೆಂಟ್ ಆಗಿ ಇಲ್ಲಿದ್ದು ಹೋದವನು, ಬೆಂಗಳೂರು ಕ್ಲಬ್ಬಿನ ಲೆಡ್ಜರಿನಲ್ಲಿ ಅವನ ಹೆಸರಿನ ಮುಂದೆ ಹದಿಮೂರು ರೂಪಾಯಿ ಬಾಕಿ ಇದೆ. ಸಿಎಗೆ ಯುದ್ಧದಲ್ಲಿ ಆಸಕ್ತಿ ಹುಟ್ಟಿದ್ದೇ ಇದನ್ನು ಕೇಳಿದ ಮೇಲೆ. ಬಡ್ಡಿ ಲೆಕ್ಕ ಹಾಕಲು ಹೊರಟವರನ್ನು ತಡೆಯಬೇಕಾಯಿತು.

ಗರ್ಪ್ಸ್ ಪುಸ್ತಕದ ಜೊತೆ ಬರುವ, ಪಾತ್ರದ ವಿವರ ತುಂಬುವ ಶೀಟು ಮೇಜರ್‌ಗೆ ಸಾಲಲಿಲ್ಲ. ತಾವೇ ಎಕ್ಸೆಲ್‌ನಲ್ಲಿ ಫಾರಂ ಮಾಡಿದರು. ಬಲ, ಚುರುಕು, ಬುದ್ಧಿ, ಆರೋಗ್ಯ ಎಂಬ ನಾಲ್ಕು ಮೂಲಗುಣಗಳು ಪುಸ್ತಕದವು. ಎಲ್ಲರಿಗೂ ಹತ್ತರಿಂದ ಶುರು. ಹುಟ್ಟಿದ ಊರು, ಹುಟ್ಟಿದ ವೇಳೆ, ತಂದೆಯ ಉದ್ಯೋಗ, ಎಸ್ಸೆಸ್ಸೆಲ್ಸಿಯ ಅಂಕ, ಸಂಗೀತ ಜ್ಞಾನ ಎಂಬ ಕಾಲಂಗಳು ಬಸವನಗುಡಿಯವು. ಫಾರಂ ನೋಡಿದ ಸಿಎ ಒಂದೇ ಒಂದು ತಿದ್ದುಪಡಿ ಸೂಚಿಸಿದರು: ‘ನಾಮಿನಿ ಎಲ್ಲಯ್ಯಾ? ಪ್ರಾಣಕ್ಕೆ ಅಪಾಯ ಇರೋ ಕೆಲಸ.’ ಮೇಜರ್ ಸಂತೋಷದಿಂದ ಸೇರಿಸಿಕೊಂಡರು. ಕೆಳಗೆ ಇಬ್ಬರು ಸಾಕ್ಷಿಗಳ ಸಹಿಗೂ ಜಾಗ ಬಿಟ್ಟರು.

ಈ ಪದ್ಧತಿಯಲ್ಲಿ ಕೌಶಲ ಕೊಳ್ಳಲು ಅಂಕ ಬೇಕು. ಕುಂದುಕೊರತೆ ಒಪ್ಪಿಕೊಂಡರೆ ಅಂಕ ವಾಪಸು ಬರುತ್ತದೆ. ಅದನ್ನು ವಿವರಿಸಿದ ದಿನ ಸಿಎ ಕಣ್ಣಲ್ಲಿ ಬಂದ ಹೊಳಪು ನೋಡಬೇಕಿತ್ತು.

‘ಡಿಡಕ್ಷನ್ ಅನ್ನು! ಮೇಲ್ಮಿತಿ ಎಷ್ಟು?’

ಮೇಲ್ಮಿತಿಯ ಕೊನೇ ಅಂಕದವರೆಗೂ ಕ್ಲೇಮ್ ಮಾಡಿದರು. ಪುಸ್ತಕದಲ್ಲಿ ‘ಪ್ರಾಮಾಣಿಕತೆ’ಯೂ ಒಂದು ಕೊರತೆ: ಕಾನೂನು ಮೀರಲಾಗದ ಸ್ವಭಾವ, ಹತ್ತು ಅಂಕ. ‘ಇದು ನನಗೆ ಫ್ರೀ’ ಎಂದು ಬರೆದುಕೊಂಡರು. ಬ್ಯಾಂಕ್ ಆಫೀಸರು ಮಂಡಿನೋವು, ಬಿಪಿ, ನೀರಿನ ಭಯ, ಅವಲಂಬಿತ ಪತ್ನಿ ಒಬ್ಬರು ಎಂದು ತುಂಬಿದರು. ಬಂದ ಅಂಕವನ್ನೆಲ್ಲ ಅಡುಗೆಗೆ ಹಾಕಿದರು. ಮಲ್ಲೇಶ್ವರದ ಹಿರಿಯರ ಕಮಾಂಡೋಗೆ ಈಜು ಬರದು, ಗುಂಡು ಹೊಡೆಯಲು ಬರದು. ಮೀಟರ್ ಗೇಜಿನ ಸಮಸ್ತ ಜ್ಞಾನವಿದೆ.

ಮೇಜರ್ ತಲೆಮೇಲೆ ಕೈಹೊತ್ತು ಕೂತರು. ಕೊಡಗಿನ ತಿಮ್ಮಯ್ಯನವರು 1945ರಲ್ಲಿ ಬರ್ಮಾದ ಕಂಗಾವ್‌ನಲ್ಲಿ ಬ್ರಿಟಿಷ್ ಕಮಾಂಡೋಗಳು ಕಾದಿದ ನೆಲದಲ್ಲೇ ತಮ್ಮ ದಳ ನಡೆಸಿದವರು. ಅಂಥ ಒಂದು ಪಾತ್ರ ಯಾರಾದರೂ ಮಾಡಬಾರದೇ? ‘ಗುಡ್ಡ ಹತ್ತಬೇಕಾಗುತ್ತೆ’ ಎಂದರು ಬ್ಯಾಂಕಿನವರು.

ಇದರ ಮಧ್ಯೆ ಮೇಜರ್ ತಾಯಿ ಕನ್ನಡಕ ಏರಿಸಿಕೊಂಡು ಬಂದು ಫಾರಂ ತೆಗೆದು ನೋಡುತ್ತಾರೆ.

‘ಈ ಹುಡುಗ ಎತ್ತರ ಇದಾನೆ, ಇಂಗ್ಲಿಷ್ ಬರುತ್ತೆ, ಚಟ ಇಲ್ಲ. ಯಾಕೋ ಇನ್ನೂ ಮದುವೆ ಆಗಿಲ್ಲ?’

‘ಅಮ್ಮಾ, ಅವನು ಇಲ್ಲವೇ ಇಲ್ಲ.’

‘ಎಲ್ಲರೂ ಹಾಗೇ ಹೇಳ್ತಾರೆ.’

ಪಡೆಯ ಮರ್ಯಾದೆ ಉಳಿಸಿದ್ದು ಚರಿತ್ರೆ. ಯುದ್ಧಕಾಲದಲ್ಲಿ ಪೋರ್ಚುಗಲ್ ತಟಸ್ಥ, ಗೋವಾ ಅವರದು. ಮರ್ಮಗೋವಾ ಬಂದರಿನಲ್ಲಿ ಆಶ್ರಯ ಪಡೆದಿದ್ದ ‘ಎಹ್ರೆನ್‌ಫೆಲ್ಸ್’ ಎಂಬ ಜರ್ಮನ್ ಹಡಗಿನಿಂದ ಅವರ ಜಲಾಂತರ್ಗಾಮಿಗಳಿಗೆ ಸುದ್ದಿ ಹೋಗುತ್ತಿದೆ ಎಂಬುದು ಬ್ರಿಟಿಷರ ಗುಮಾನಿ. ಅಧಿಕೃತ ಸೈನ್ಯ ಕಳಿಸುವಂತಿಲ್ಲ. ಕಳಿಸಿದ್ದು ಯಾರನ್ನು? ಕಲ್ಕತ್ತಾ ಲೈಟ್ ಹಾರ್ಸ್ ಮತ್ತು ಕಲ್ಕತ್ತಾ ಸ್ಕಾಟಿಷ್ ಎಂಬ ಹವ್ಯಾಸಿ ದಳಗಳ ನಡುವಯಸ್ಸಿನ ವ್ಯಾಪಾರಿಗಳನ್ನು! ‘ಫೀಬಿ’ ಎಂಬ ಹಳೇ ಹೂಳು ಸಾಗಿಸುವ ದೋಣಿ ಕಲ್ಕತ್ತದಿಂದ ಸುತ್ತುಹಾಕಿ ಬಂತು. ಹೆಚ್ಚಿನವರು ರೈಲಿನಲ್ಲಿ ಕೊಚ್ಚಿಗೆ ಹೋಗಿ ಅದನ್ನು ಹತ್ತಿದರು. 1943ರ ಮಾರ್ಚ್ 9ರ ರಾತ್ರಿ ಹಡಗಿನ ಮೇಲೆ ಬಿದ್ದರು. ಜರ್ಮನ್ನರು ತಾವೇ ಹಡಗು ಮುಳುಗಿಸಿಕೊಂಡರು. 1978ರಲ್ಲಿ ಜೇಮ್ಸ್ ಲೀಸರ್ ಪುಸ್ತಕ ಬರೆಯುವ ತನಕ ಗುಟ್ಟು ಗುಟ್ಟಾಗಿಯೇ ಇತ್ತು. ಎರಡು ವರ್ಷಕ್ಕೆ ‘ದಿ ಸೀ ವುಲ್ವ್ಸ್’ ಸಿನಿಮಾ ಬಂತು.

‘ಬೊಜ್ಜು ಇದ್ದೋರೇ ಬೇಕು!’ ಎಂದು ಮೇಜರ್ ಮೇಜು ಕುಟ್ಟಿದರು. ಕಾರ್ಯಾಚರಣೆ ನಿರ್ಧಾರವಾಯಿತು.

ಆಗಲೂ ತಕ್ಷಣ ಹೊರಡಲಾಗಲಿಲ್ಲ. ಹೊರಡುವ ಮುಂಚೆ ವಿದ್ಯಾರ್ಥಿ ಭವನದಲ್ಲಿ ಮಸಾಲೆದೋಸೆ ಎಂದು ಬ್ಯಾಂಕಿನವರು ಬರೆಸಿದರು. ಅದು ಶುರುವಾದದ್ದೂ 1943ರಲ್ಲೇ. ಮಾರ್ಚಿಗೆ ಮುಂಚೆಯೋ ಆಮೇಲೋ ಎಂಬ ಚರ್ಚೆಗೆ ಒಂದಿಡೀ ಶನಿವಾರ ಆಹುತಿ. ಮಾರ್ಚ್ 9 ಮಂಗಳವಾರ ಎಂದು ಅಮ್ಮ ಕೇಳಿ ತಿಳಿದುಕೊಂಡಿದ್ದು ಇನ್ನೊಂದು ತೊಡಕು. ಆಮೇಲೆ ಮಲ್ಲೇಶ್ವರದವರು ಗಂಟಲು ಸರಿಮಾಡಿಕೊಂಡರು. ಕಲ್ಕತ್ತದವರು ಕೊಚ್ಚಿಗೆ ಹೋದರೆ ಹೋಗಲಿ. ಬೆಂಗಳೂರಿನಿಂದ ಹಾಗೆ ಹೋಗುವುದು ಅವಿವೇಕ. ಅರಸೀಕೆರೆ, ಹುಬ್ಬಳ್ಳಿ, ಲೋಂಡಾ, ಅಲ್ಲಿಂದ ಕ್ಯಾಸಲ್ ರಾಕ್ ದಾಟಿದರೆ ರೈಲು ನೇರ ಬಂದರಿಗೇ ಇಳಿಸುತ್ತದೆ. ಟಾರ್ಪೆಡೊ ಕೊಳವೆಗಳನ್ನು ಹೋಲ್ಡಾಲ್‌ನಲ್ಲಿ, ಜಮಖಾನದ ಮಧ್ಯೆ ಸುತ್ತಿದರು. ಹಡಗಿಗೆ ಮುಳ್ಳುಬೇಲಿ ಎಲ್ಲಿಂದ ಬರಬೇಕೆಂದು ಯಾರೂ ಕೇಳಲಿಲ್ಲ. ಊರಿನ ಹೆಸರಿರುವ ಸಾಮಾನು, ಬಿಟ್ಟುಹೋಗುವುದುಂಟೇ?

ಕ್ಯಾಸಲ್ ರಾಕ್ ಬ್ರಿಟಿಷ್ ಇಂಡಿಯಾದ ಗಡಿ ಠಾಣೆ. ಕಸ್ಟಮ್ಸ್ ಅಧಿಕಾರಿಯಾಗಿ ಮೇಜರ್ ದನಿ ಬದಲಿಸಿ, ‘ಹೇಳಿಕೊಳ್ಳೋಂಥದ್ದು ಏನಾದ್ರೂ ಇದೆಯೇ?’ ಎಂದು ಕೇಳಿದರು. ಸಿಎ ತಮ್ಮ ಫಾರಂ ನೋಡಿಕೊಂಡರು. ಪ್ರಾಮಾಣಿಕತೆ, ಹತ್ತು ಅಂಕ.

‘ಇದೆ ಸಾರ್. ಟಾರ್ಪೆಡೊ, ನಾಲ್ಕು.’

ಪಡೆಯನ್ನು ಕೂರಿಸಿದರು. ಸುಂಕ ಎಷ್ಟು, ಸ್ಫೋಟಕ ಕಚ್ಚಾ ಸಾಮಗ್ರಿಯೋ ಸಿದ್ಧವಸ್ತುವೋ ಎಂದು ಸಿಎ ಅಧಿಕಾರಿಯ ಜೊತೆ ವಾದಕ್ಕಿಳಿದರು. ಪಾಪ, ಬಹಳ ದಿನಗಳ ಮೇಲೆ ಅವರ ಮುಖ ಅರಳಿದ್ದು ಅವತ್ತೇ.

ಆ ಸಾಯಂಕಾಲ ಮೇಜರ್ ತಂಗಿಯ ಮಗಳು ಬಂದಿದ್ದಳು, ಮೊದಲನೇ ವರ್ಷದ ಡಿಗ್ರಿ. ನಾನೂ ಆಡ್ತೀನಿ ಮಾವ ಎಂದಳು. ಮೇಜರ್ ಖುಷಿಯಿಂದ ಫಾರಂ ಕೊಟ್ಟು, ನಿಧಾನವಾಗಿ ಯೋಚಿಸಿ ಮುಂದಿನ ತಿಂಗಳ ಹೊತ್ತಿಗೆ ತುಂಬಿದರೆ ಸಾಕು ಎಂದರು. ಕಾಫಿ ಲೋಟ ಇಳಿಸುವುದರೊಳಗೆ ಆಕೆ ನಾಲ್ಕು ಅಂಕ, ಎರಡು ಸಾಲು ಬರೆದು ಮುಗಿಸಿದ್ದಳು. ಹುಡುಗಿ, ಈಜು ಬರುತ್ತೆ, ವೈರ್‌ಲೆಸ್ ಬಿಚ್ಚಕ್ಕೆ ಬರುತ್ತೆ.

‘ನಾನು ಇವರ ಜೊತೆ ಇಲ್ಲ. ಬೇರೆ ಬೋಗಿ. ರೈಲು ಹೊರಡ್ತಲ್ಲ? ಹಡಗು ಎಲ್ಲಿದೆ?’

ಮೇಜರ್ ತೋರಿಸಿದರು. ಈಜಿದಳು. ಹಗ್ಗ ಹಿಡಿದಳು. ರೇಡಿಯೋ ಕೋಣೆಯ ಬಾಗಿಲ ಬಳಿ ಮೇಜರ್ ಹಣೆ ಒರೆಸಿಕೊಂಡು, ಇದು ಬಹಳ ಕಷ್ಟ, ದಾಳ ಹಾಕು ಎಂದರು. ಮೂರೂ ದಾಳದಲ್ಲಿ ಒಂದೊಂದೇ ಚುಕ್ಕೆ. ಅದಕ್ಕಿಂತ ದೊಡ್ಡ ಗೆಲುವು ಆ ಪುಸ್ತಕದಲ್ಲಿಲ್ಲ.

‘ಮುಳುಗ್ತಾ ಮಾವ?’

‘ರೀ, ಟೇಬಲ್ ಬೇಕು’ ಎಂದರು ಒಳಗಿನಿಂದ ಮನೆಯಾಕೆ.

ಮೇಜರ್ ಹುಡುಗಿಯ ಫಾರಂ ಎತ್ತಿ ಮೇಲಿಂದ ಕೆಳಗೆ ಓದಿದರು. ಮುಖಕ್ಕೆ ಮತ್ತೆ ಕಳೆ ಬಂತು. ‘ನಾಮಿನಿ ಖಾಲಿ ಬಿಟ್ಟಿದ್ದೀಯಲ್ಲಮ್ಮಾ.’

‘ಅಜ್ಜಿ’ ಎಂದು ಗೀಚಿದಳು.

‘ಸಾಕ್ಷಿ ಇಬ್ಬರದು ಸಹಿ ಬೇಕು’ ಎಂದರು ಸಿಎ. ‘ಆದ್ರೆ ನಾವು ಮೂರು ಜನ ಇನ್ನೂ ಕ್ಯಾಸಲ್ ರಾಕಲ್ಲಿದೀವಿ.’